ಮೂರನೇ ಪುಟದ ಕೊನೆಯ ಸಾಲು

"ಅಪ್ಪಾ, ಇನ್ನೂ ಎಷ್ಟು ಥ್ಯಾಂಕ್ಸ್ ಬರೀಬೇಕು? ಕೈ ನೋವು ಬಂತು."

ಕಮಲಾ ಪೆನ್ನು ಕೆಳಗಿಟ್ಟು ಬೆರಳು ಕೊಡವಿದಳು. ಊಟದ ಮೇಜಿನ ಮೇಲೆ ಆಗಲೇ ಎರಡು ಪುಟ ತುಂಬಿದ್ದವು. ಎರಡರಲ್ಲೂ ಬರೀ ಕೃತಜ್ಞತೆ.

"ಬರಿ ಪುಟ್ಟೀ, ಬರಿ," ಎಂದರು ಅಪ್ಪ ವಿಶ್ವನಾಥ. "ಇದು ಐರ್ಲೆಂಡಿನ ಪಾರ್ಲಿಮೆಂಟಿಗೆ ಹೋಗೋ ಕಾಗದ. ನಿನ್ನ ಫ್ರೆಂಡಿಗೆ ಬರೆಯೋ ಚೀಟಿ ಅಲ್ಲ. ಮೊದಲು ಕೈ ಮುಗೀಬೇಕು. ಕೇಳೋದು ಆಮೇಲೆ."

ಅಪ್ಪ ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಆದರೆ ನೈರೋಬಿಯ ಕನ್ನಡದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದುದು ಲೆಕ್ಕಕ್ಕಲ್ಲ, ಅರ್ಜಿಗೆ. ವರ್ಕ್ ಪರ್ಮಿಟ್ ಬೇಕೇ? ಟೆಲಿಫೋನ್ ಬೇಕೇ? ವಿಶ್ವನಾಥರು ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದರು. ಯಾವ ಅರ್ಜಿಯಾದರೂ ಕ್ರಮ ಒಂದೇ. ಮೊದಲ ಪುಟದಲ್ಲಿ ವಂದನೆ. ಎರಡನೆಯದರಲ್ಲಿ ಹೊಗಳಿಕೆ. ಮೂರನೆಯದರಲ್ಲಿ, ಮೆಲ್ಲಗೆ, ವಿಷಯ.

"ಮುಂದಿನ ಸಾಲು ತಗೋ. 'ನಿಮ್ಮ ದಯೆಯಿಂದ ನಮಗೆ ಯಾವ ಕೊರತೆಯೂ ಇಲ್ಲ.' ಇದು ಮೊದಲ ಪುಟದ ಕೊನೆಯಲ್ಲಿ ಬರಬೇಕು. ಅಲ್ಲಿ ಜಾಗ ಇದೆ ನೋಡು."

ಕಮಲಾ ತಲೆ ಎತ್ತಿದಳು. "ಕೊರತೆ ಇದೆಯಲ್ಲಪ್ಪಾ! ಅದಕ್ಕೇ ತಾನೇ ಬರೀತಿರೋದು?"

"ಅದು ಮರ್ಯಾದೆಗೆ ಬರೆಯೋ ಮಾತು. ಓದೋರಿಗೆ ಅರ್ಥ ಆಗುತ್ತೆ."

ಕಮಲಾಳಿಗೆ ಅರ್ಥ ಆಗಲಿಲ್ಲ. ಆದರೂ ಬರೆದಳು.

ಎರಡು ವರ್ಷದ ಹಿಂದೆ ಮೆದುಳು ಜ್ವರ ಬಂದು ಅವಳ ಎರಡೂ ಕಿವಿ ಮಂದವಾಗಿದ್ದವು. ಅಂದಿನಿಂದ ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಹಿಯರಿಂಗ್ ಏಡ್, ಅದರಿಂದ ಕಿವಿಗೆ ಏರುವ ವೈರು. ಆದರೆ ಆ ಡಬ್ಬಿಗೆ ಬುದ್ಧಿ ಇಲ್ಲ. ಐವತ್ತೆರಡು ಮಕ್ಕಳ ಕ್ಲಾಸಿನಲ್ಲಿ ಯಾರಾದರೂ ಡೆಸ್ಕ್ ಎಳೆದರೆ ಅದು ಡೆಸ್ಕಿನ ಸದ್ದನ್ನೇ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತಿತ್ತು. ಟೀಚರ ಮಾತು ಅದರ ಕೆಳಗೆ ಎಲ್ಲೋ ಮುಳುಗಿಹೋಗುತ್ತಿತ್ತು.

ಅವಳನ್ನು ಮೇಲೆತ್ತಿದ್ದು ಮಿಸ್ ನೋರಾ. ಐರ್ಲೆಂಡಿನ ಸರ್ಕಾರ ಸಂಬಳ ಕೊಟ್ಟು ಕಳಿಸಿದ ಟೀಚರ್. ಶಾಲೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕಿವಿ ಮಂದವಿದ್ದ ಏಳು ಮಕ್ಕಳಿಗೆ ತುಟಿ ನೋಡಿ ಮಾತು ಓದುವುದನ್ನು ಕಲಿಸುತ್ತಿದ್ದರು. ಬೇರೆ ಟೀಚರುಗಳ ಬೆನ್ನು ಹತ್ತಿ, "ಬೋರ್ಡ್ ಕಡೆ ತಿರುಗಿಕೊಂಡು ಮಾತಾಡಬೇಡಿ, ಪ್ಲೀಸ್!" ಎಂದು ಜಗಳ ಆಡುತ್ತಿದ್ದರು.

ಒಂದು ದಿನ ಮನೆಗೇ ಬಂದರು. ಕಾಫಿ ಕುಡಿದರು. ಅಪ್ಪನ ಮುಖವನ್ನು ದಿಟ್ಟಿಸಿ ನೋಡಿ, "ಸರ್, ನಿಮ್ಮ ಮೀಸೆ ತುಂಬ ಚೆನ್ನಾಗಿದೆ. ಆದರೆ ಅದರ ಹಿಂದೆ ನಿಮ್ಮ ಮಗಳಿಗೆ ಒಂದು ಮಾತೂ ಕಾಣುವುದಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಅಪ್ಪನ ಇಪ್ಪತ್ತು ವರ್ಷದ ಮೀಸೆ ಇರಲಿಲ್ಲ. ಅಮ್ಮ ನಕ್ಕು ನಕ್ಕು ದೋಸೆ ಸೀದುಹೋಗಿತ್ತು.

ಈಗ ಅಂಥ ಮಿಸ್ ನೋರಾ ಹೋಗಬೇಕಂತೆ. ಅವರ ಸರ್ಕಾರ ಖರ್ಚು ಕಡಿಮೆ ಮಾಡುತ್ತಿದೆಯಂತೆ. "ನಮ್ಮೂರಿನ ಶಾಲೆಗಳಲ್ಲೂ ಟೀಚರುಗಳನ್ನು ಕಡಿಮೆ ಮಾಡುತ್ತಿದ್ದಾರೆ," ಎಂದಿದ್ದರು ಅವರು. ಅವರ ಊರಿನ ಎಂ.ಪಿ. ಲಾರೆನ್ಸ್ ಎಂಬವರು ಮಾತ್ರ, "ಮಕ್ಕಳೇ ಒಂದು ಕಾಗದ ಬರೆಯಲಿ. ನಾನು ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳುತ್ತೇನೆ. ಕಾಗದದ ಕಾಪಿಯನ್ನು ಮಂತ್ರಿಗೂ ಕೊಡುತ್ತೇನೆ," ಎಂದು ತಿಳಿಸಿದ್ದರು.

ಏಳು ಮಕ್ಕಳೂ ಕಮಲಾಳ ಕಡೆ ಬೆರಳು ತೋರಿಸಿದ್ದರು. "ಇವಳ ಡ್ಯಾಡಿ ಲೆಟರ್ ಬರೆಯೋದರಲ್ಲಿ ಚಾಂಪಿಯನ್!"

"ಅಪ್ಪಾ, ನನ್ನ ಸಾಲು ಎಲ್ಲಿ?" ಎಂದು ಕಮಲಾ ಕೇಳಿದಳು.

ಅವಳು ತಾನೇ ಯೋಚಿಸಿದ ಒಂದು ಸಾಲಿತ್ತು. 'ಮಿಸ್ ನೋರಾ ಹೋದರೆ ನಮಗೆ ಸ್ಕೂಲೇ ಕೇಳಿಸುವುದಿಲ್ಲ.'

"ಇದೆ, ಇದೆ. ಮೂರನೇ ಪುಟದಲ್ಲಿ, ಕೊನೆಗೆ," ಎಂದರು ಅಪ್ಪ.

* * *

ಆರು ವಾರ ಕಳೆದ ಮೇಲೆ ಐರ್ಲೆಂಡಿನಿಂದ ದಪ್ಪ ಲಕೋಟೆ ಬಂತು. ಒಳಗೆ ಅಚ್ಚಾದ ಹಾಳೆಗಳು. ಪಾರ್ಲಿಮೆಂಟಿನಲ್ಲಿ ಯಾರು ಏನು ಮಾತಾಡಿದರು ಅನ್ನುವುದೆಲ್ಲ ಅದರಲ್ಲಿತ್ತು.

ಮಿಸ್ ನೋರಾ ಕಿಟಕಿಯ ಎದುರು ನಿಂತರು, ತುಟಿಯ ಮೇಲೆ ಬೆಳಕು ಬೀಳುವ ಹಾಗೆ. ಏಳು ಮಕ್ಕಳೂ ಕಣ್ಣು ಮಿಟುಕಿಸದೆ ನೋಡಿದರು.

ಮೊದಲು ಲಾರೆನ್ಸರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆಮೇಲೆ ಮಂತ್ರಿಯ ಉತ್ತರ. ಮಿಸ್ ನೋರಾ ಅಲ್ಲಿಗೆ ಬಂದು ನಿಂತುಬಿಟ್ಟರು.

"ಓದಿ, ಮಿಸ್," ಎಂದಳು ವಾಂಜಿರು. ಅವಳು ಕಮಲಾಳ ಪಕ್ಕದಲ್ಲೇ ಕೂರುವವಳು. ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ.

ಮಿಸ್ ನೋರಾ ಓದಿದರು. "ಆ ಮಕ್ಕಳ ಕಾಗದ ನನ್ನ ಕೈಯಲ್ಲೇ ಇದೆ. ಮೊದಲ ಪುಟದಲ್ಲಿ ಅವರೇ ಬರೆದಿದ್ದಾರೆ: 'ನಿಮ್ಮ ದಯೆಯಿಂದ ನಮಗೆ ಯಾವ ಕೊರತೆಯೂ ಇಲ್ಲ.' ಕೊರತೆ ಇಲ್ಲವೆಂದು ಮಕ್ಕಳೇ ಹೇಳುವಾಗ ಇನ್ನೇನು ಬೇಕು? ಅಲ್ಲಿ ನಮ್ಮ ಕೆಲಸ ಸಂತೋಷದಿಂದ ಮುಗಿದಿದೆ."

ಅದರ ಕೆಳಗೆ ಆವರಣದಲ್ಲಿ ಒಂದು ಸಣ್ಣ ಪದ: ಚಪ್ಪಾಳೆ.

ಲಾರೆನ್ಸರು ಎದ್ದು, ಮೂರನೇ ಪುಟ ಓದಿ ಎಂದು ಕೇಳಿದ್ದರು. ಸಮಯ ಮುಗಿಯಿತು ಎಂಬ ಉತ್ತರ ಬಂದಿತ್ತು.

ಏಳು ಸಾವಿರ ಕಿಲೋಮೀಟರ್ ಆಚೆ ದೊಡ್ಡವರು ಚಪ್ಪಾಳೆ ತಟ್ಟಿದ್ದರು. ಇಲ್ಲಿ ಏಳು ಮಕ್ಕಳು ಸುಮ್ಮನೆ ಕೂತಿದ್ದರು.

ವಾಂಜಿರು ನಿಧಾನವಾಗಿ ಕಮಲಾಳ ಕಡೆ ತಿರುಗಿದಳು. "ಕೊರತೆ ಇಲ್ಲ ಅಂತ ನೀನು ಬರೆದೆಯಾ?"

"ಅದು... ಅದು ಮರ್ಯಾದೆಗೆ..."

"ಯಾರ ಮರ್ಯಾದೆಗೆ?" ವಾಂಜಿರು ಎದ್ದು ನಿಂತು, ಸೊಂಟ ಬಗ್ಗಿಸಿ ಕೈ ಜೋಡಿಸಿ ಸ್ವಾಹಿಲಿಯಲ್ಲಿ ವಂದನೆ ಹೇಳಿದಳು. "ಅಸಾಂಟೆ ಸಾನಾ, ಮಂತ್ರಿಗಳೇ! ನಮ್ಮ ಟೀಚರನ್ನು ಕಿತ್ತುಕೊಂಡಿದ್ದಕ್ಕೆ ತುಂಬಾ ಥ್ಯಾಂಕ್ಸ್!"

ಯಾರೋ ನಕ್ಕರು. ಕಮಲಾಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಬರೆದದ್ದು ಅವಳ ಕೈ. ಅಕ್ಷರ ಅವಳದು. ಆದರೆ ಆ ಮಾತು ಅವಳದ್ದಾಗಿರಲಿಲ್ಲ!

* * *

ಮಟಾಟು ವ್ಯಾನು ಇಳಿದವಳೇ ಅವಳು ಮನೆಗೆ ಓಡಿದಳು. ಚೀಲವನ್ನು ನೆಲಕ್ಕೆ ಎಸೆದಳು. ಅಚ್ಚಾದ ಹಾಳೆಯ ಕಾಪಿಯನ್ನು ಅಪ್ಪನ ಮುಂದೆ ಹಿಡಿದಳು.

"ಓದಿ! ನಿಮ್ಮ ಮರ್ಯಾದೆ ಏನು ಮಾಡ್ತು ಅಂತ ಓದಿ!"

"ಕಮಲಾ, ಅಪ್ಪನ ಹತ್ರ ಹಾಗಾ ಮಾತಾಡೋದು?" ಎಂದು ಅಮ್ಮ ಅಡುಗೆಮನೆಯಿಂದ ಬಂದರು. ಹಾಳೆಯನ್ನು ಅಪ್ಪನ ಭುಜದ ಮೇಲಿಂದ ತಾವೂ ಓದಿದರು. ಆಮೇಲೆ ಅವರು ಕಮಲಾಳನ್ನು ಬೈಯಲಿಲ್ಲ.

ಅಪ್ಪ ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು. ಕಪಾಟಿನಿಂದ ಫೈಲು ತೆಗೆದು ಕಾಗದದ ನಕಲು ಹುಡುಕಿದರು. "ಮೂರನೇ ಪುಟದಲ್ಲಿ ಸ್ಪಷ್ಟವಾಗಿ ಇದೆಯಲ್ಲ," ಎಂದರು. "ಮೂರನೇ ಪುಟ ಓದಲೇ ಇಲ್ವಾ?"

"ಇದೇ ಥರ ಬರೆದಿದ್ದಕ್ಕೇ ಇರಬೇಕು, ನಮಗೆ ಟೆಲಿಫೋನ್ ಬರೋಕೆ ನಾಲ್ಕು ವರ್ಷ ಆಗಿದ್ದು," ಎಂದರು ಅಮ್ಮ. "ನಿಮ್ಮ ಅರ್ಜಿ ಓದಿದರೆ, ಪಾಪ, ಇವರಿಗೆ ಏನೂ ಬೇಡ ಅನ್ನಿಸುತ್ತೆ."

ಅಪ್ಪ ನಗಲಿಲ್ಲ. ಫೈಲು ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕೂತರು.

"ನಾವು ಹೊರಗಿನವರು, ಪುಟ್ಟೀ. ಎರಡೆರಡು ವರ್ಷಕ್ಕೆ ಪರ್ಮಿಟ್ ಕೇಳಿಕೊಂಡು ಇರೋರು. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಆಫೀಸಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದೆ. ಅಲ್ಲಿದ್ದವನು ಬಾಗಿಲು ತೋರಿಸಿದ. ಬೇಡವಾದರೆ ನಿಮ್ಮ ದೇಶಕ್ಕೆ ಹೋಗಿ ಅಂದ. ಆವತ್ತಿನಿಂದ..."

ಮೀಸೆ ಇಲ್ಲದ ಮೇಲ್ತುಟಿ ಸಣ್ಣಗೆ ಅದುರುತ್ತಿತ್ತು. ಮುಂಚೆ ಆಗಿದ್ದರೆ ಕಮಲಾಳಿಗೆ ಅದು ಕಾಣುತ್ತಲೇ ಇರಲಿಲ್ಲ.

ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಅದು ಅಪ್ಪನನ್ನು ದಾಟಿ ಮುಂದೆ ಹೋಯಿತು.

"ಒಂದು ಖಾಲಿ ಹಾಳೆ ಕೊಡಿ," ಎಂದಳು. "ಒಂದೇ ಒಂದು."

* * *

ಮರುದಿನ ಸಣ್ಣ ಕೋಣೆಯಲ್ಲಿ ಆ ಹಾಳೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರದು ಒಂದೊಂದು ಮಾತು. ವಂದನೆ ಇಲ್ಲ, ಹೊಗಳಿಕೆ ಇಲ್ಲ. ಕಮಲಾ ಮೊದಲು ಬರೆದಳು.

'ಕೊರತೆ ಇಲ್ಲ ಎಂದು ಹೋದ ಸಲ ಬರೆದದ್ದು ಸುಳ್ಳು. ಕೊರತೆ ಇದೆ. ಮಿಸ್ ನೋರಾ ಹೋದರೆ ನಮಗೆ ಸ್ಕೂಲೇ ಕೇಳಿಸುವುದಿಲ್ಲ.'

ವಾಂಜಿರು ಪೆನ್ನನ್ನು ಒತ್ತಿ ಒತ್ತಿ ಬರೆದಳು. 'ಅವರು ಬರುವ ಮುಂಚೆ ಎಲ್ಲರೂ ನನ್ನನ್ನು ದಡ್ಡಿ ಅನ್ನುತ್ತಿದ್ದರು. ನಾನು ದಡ್ಡಿ ಅಲ್ಲ.' ಬರೆದು ಮುಗಿಸಿ, ಹಾಳೆಯನ್ನು ಮುಂದೆ ದಾಟಿಸಿ, ಕಮಲಾಳ ಮೊಣಕೈಗೆ ಮೊಣಕೈ ತಾಗಿಸಿದಳು. "ಇವತ್ತು ಅಸಾಂಟೆ ನಿನಗೆ," ಎಂದಳು.

ಸಂಜೆ ಅಪ್ಪ ಹಾಳೆ ಓದಿದರು. ಕೆಳಗೆ ಮೂರು ಬೆರಳಷ್ಟು ಜಾಗ ಉಳಿದಿತ್ತು. ಅಪ್ಪನ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು.

"ಇಲ್ಲಿ ಒಂದೇ ಒಂದು ಸಾಲು, 'ನಿಮ್ಮ ವಿಧೇಯ'..."

ಕಮಲಾ ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು.

"ಬೇಡಪ್ಪಾ. ಆ ಮಂತ್ರಿಗೆ ಓದೋಕೆ ಬೇರೆ ಏನೂ ಸಿಗಬಾರದು."

ಅಪ್ಪ ಅವಳ ಕೈಯನ್ನೇ ನೋಡಿದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿ, ಎಂಜಲು ಹಚ್ಚಿ ಮುಚ್ಚಿ, ಮುಷ್ಟಿಯಿಂದ ಎರಡು ಸಲ ಗುದ್ದಿದರು. ಅಂಟುವುದಕ್ಕೆ ಒಂದು ಗುದ್ದು ಸಾಕಾಗಿತ್ತು.

* * *

ನವೆಂಬರಿನಲ್ಲಿ ಟರ್ಮ್ ಮುಗಿಯಿತು. ಲಾರೆನ್ಸರು ಬರೆದಿದ್ದರು: 'ಈ ಸಲ ಕಾಗದವನ್ನು ನಾನೇ ಎದ್ದು ನಿಂತು ಪೂರ್ತಿ ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಂತ್ರಿ ಉತ್ತರ ಕೊಟ್ಟಿಲ್ಲ. ಕೊಡುವ ತನಕ ಕೇಳುತ್ತೇನೆ.'

ಆದರೆ ವಿಮಾನ ಯಾರ ಉತ್ತರಕ್ಕೂ ಕಾಯಲಿಲ್ಲ. ಮಿಸ್ ನೋರಾ ಹೊರಟುಹೋದರು. ಹಿಂದಿನ ಕೋಣೆಗೆ ಬೀಗ ಬಿತ್ತು.

ಮರುದಿನ ಬೆಳಿಗ್ಗೆ ಕಮಲಾ ಎದ್ದಾಗ ಅಪ್ಪ ಹಿತ್ತಲಲ್ಲಿ ಸಣ್ಣ ಕನ್ನಡಿಯ ಮುಂದೆ ನಿಂತಿದ್ದರು. ಅವಳು ಬಾಗಿಲಿಗೆ ಒರಗಿ ನಿಂತಳು. ಮೀಸೆ ತೆಗೆಯಿರಿ ಎಂದವರು ಈಗ ಊರಲ್ಲಿ ಇರಲಿಲ್ಲ. ಇನ್ನು ಮೇಲೆ ಅದು ಮತ್ತೆ ಬೆಳೆಯುತ್ತದೆಯೇನೋ.

ಅಪ್ಪ ಬ್ರಶ್ಶನ್ನು ನೀರಲ್ಲಿ ಅದ್ದಿ ನೊರೆ ಎಬ್ಬಿಸಿದರು. ಕೆನ್ನೆಗಿಂತ ಮೊದಲು, ಗಲ್ಲಕ್ಕಿಂತ ಮೊದಲು, ಮೇಲ್ತುಟಿಗೆ ದಪ್ಪವಾಗಿ ಬಳಿದುಕೊಂಡರು. ರೇಜರಿನಿಂದ ಎರಡೇ ಎಳೆತ. ತುಟಿ ಬೆಳ್ಳಗೆ ಹೊಳೆಯಿತು.

ಆಮೇಲೆ ಕನ್ನಡಿಯಲ್ಲಿ ಅವಳನ್ನು ಕಂಡು ತಿರುಗಿದರು. ಮುಖ ಬೆಳಕಿನ ಕಡೆಗೆ ಬರುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

"ಇವತ್ತು ಇನ್ನೊಂದು ಕಾಗದ ಬರೆಯೋಣವಾ?"

ಕಮಲಾ ಇನ್ನೂ ಕಿವಿಗೆ ವೈರು ಹಾಕಿಕೊಂಡಿರಲಿಲ್ಲ. ಆದರೂ ಅವಳಿಗೆ ಒಂದಕ್ಷರವೂ ತಪ್ಪಲಿಲ್ಲ.

ಅವಳು ಹಾಳೆ ತರಲು ಒಳಗೆ ಹೋದಳು. ಒಂದೇ ಒಂದು.