ಹೊಲಿಗೆ ಹಾಕದ ಗಾಯ

ನರ್ಸ್ ಅನ್ಸು ಹರ್ಷಿತ್‌ನ ಕೈ ಹಿಡಿದಿದ್ದಳು!

ವಾರ್ಡಿನ ಬಾಗಿಲಲ್ಲೇ ಮೋಕ್ಷಿತಾ ನಿಂತುಬಿಟ್ಟಳು. ಎದುರಿನ ಡ್ರೆಸ್ಸಿಂಗ್ ರೂಮಿನಲ್ಲಿ ಇಬ್ಬರೂ ಎದುರುಬದುರು ಕೂತು ನಗುತ್ತಿದ್ದರು. ಮುಂದಿನ ತಿಂಗಳು ತನಗೆ ತಾಳಿ ಕಟ್ಟಬೇಕಾದವನು...!

ಕಲ್ಲುಗುಂಡಿಯ ತಮ್ಮ ಹೋಟೆಲಿನಲ್ಲಿ ಬನ್ಸ್ ಕರಿಯುವಾಗ ಬಾಣಲೆ ಮಗುಚಿ ಅವಳ ಎಡಗೈ ಸುಟ್ಟಿತ್ತು. ಪುತ್ತೂರಿನ ಈ ಆಸ್ಪತ್ರೆಯಲ್ಲಿ ಮೂರು ದಿನದ ಹಿಂದೆ ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದ್ದರು.

'ಸುಟ್ಟ ಕೈ ಯಾರಿಗೆ ಬೇಕು? ಅವಳ ಕೈ ಎಷ್ಟು ಚಂದ...' ಅವಳು ತಿರುಗಿ ಬಂದು ಮಂಚದಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ಹರ್ಷಿತ್ ಬಂದ. "ಊಟ ಆಯ್ತಾ?"

"ನಿನ್ನ ಅನ್ಸುವನ್ನು ಕೇಳು ಹೋಗು!"

"ಎಂತ ಮಾರಾಯ್ತಿ ನೀನು..."

"ನಂಗೆ ಈ ಮದುವೆ ಬೇಡ!"

ಕೋಪದಲ್ಲಿ ಬೀಸಿದ ಎಡಗೈ ಮಂಚದ ಕಂಬಿಗೆ ಬಡಿಯಿತು. ಹರ್ಷಿತ್‌ನ ಮುಖ ಬಿಳಿಚಿಕೊಂಡಿತು. ಐದು ದಿನ ಕೈ ಅಲುಗಿಸಬಾರದು, ಹೊಸ ಚರ್ಮ ಜಾರಿದರೆ ಮತ್ತೆ ಆಪರೇಷನ್ ಎಂದು ಡಾಕ್ಟರ್ ಹೇಳಿದ್ದರು! ಅವನು ಓಡಿಹೋಗಿ ಅನ್ಸುವನ್ನು ಕರೆತಂದ. ಆಮೇಲೆ ಒಳಗೆ ಬರಲೇ ಇಲ್ಲ.

ಐದನೆಯ ದಿನ ಡಾಕ್ಟರ್ ಪಟ್ಟಿ ಬಿಚ್ಚಿದರು. ಮೋಕ್ಷಿತಾ ಕಣ್ಣು ಮುಚ್ಚಿದಳು. "ಸ್ಟಿಚ್ ಮೆಲ್ಲ ತೆಗೀರಿ ಡಾಕ್ಟ್ರೇ..."

"ಸ್ಟಿಚ್ ಎಲ್ಲಿ ಉಂಟು? ಅಂಚಿಗೆಲ್ಲ ಚರ್ಮ ಅಂಟಿಸುವ ಗ್ಲೂ ಹಾಕಿದ್ದು. ನೋಡು, ಒಂಚೂರೂ ಜಾರಲಿಲ್ಲ. ಚಂದ ಹಿಡಿದುಂಟು!"

ಅವಳು ಬೆರಗಾಗಿ ಅನ್ಸುವನ್ನು ನೋಡಿದಳು.

"ಆಪರೇಷನ್‌ಗೆ ಮೊದಲೇ ಹರ್ಷಿತ್ ಕೇಳಿದ್ದು," ಎಂದಳು ಅನ್ಸು. "ಸ್ಟಿಚ್ ತೆಗೆಯುದು ಅಂದ್ರೆ ಅವಳಿಗೆ ಜೀವ ಹೋಗ್ತದೆ, ಬೇರೆ ದಾರಿ ಉಂಟಾ ಅಂತ. ಮನೆಯಲ್ಲಿ ಡ್ರೆಸ್ಸಿಂಗ್ ಕೂಡ ತಾನೇ ಮಾಡುದಂತೆ. ಮೊನ್ನೆ ಅವರ ಕೈಗೇ ಪಟ್ಟಿ ಸುತ್ತಿ ಕಲಿಸಿದೆ. ಎರಡು ದಿನದಿಂದ ಹೊರಗೆ ಬೆಂಚಿನಲ್ಲೇ ಕೂತಿದ್ದಾರೆ. ಒಳಗೆ ಬಂದ್ರೆ ನೀವು ಪುನಃ ಕೈ ಬೀಸಿದ್ರೆ ಅಂತ ಹೆದರಿಕೆ!"

ಮೋಕ್ಷಿತಾ ಬಾಗಿಲ ಕಡೆ ನೋಡಿದಳು. 'ಅಯ್ಯೋ... ಎಂತ ಮಾಡಿಬಿಟ್ಟೆ ನಾನು!'

"ಅವರನ್ನು ಕರೀತೀರಾ...?"

ಹರ್ಷಿತ್ ಬಂದು ದೂರವೇ ನಿಂತ.

"ನಂಗೆ ಹೊಟ್ಟೆಕಿಚ್ಚಾಗಿತ್ತು," ಎಂದಳು ತಲೆ ತಗ್ಗಿಸಿ. "ತಪ್ಪಾಯ್ತು. ಹೊಸ ಪಟ್ಟಿ... ನೀನೇ ಕಟ್ಟು."

ಅನ್ಸು ಕೊಟ್ಟ ಗಾಜ್ ಬಟ್ಟೆ ಹಿಡಿದು ಅವನು ಹತ್ತಿರ ಕೂತ. ಮೆಲ್ಲ ಸುತ್ತತೊಡಗಿದ.

"ನೋಯ್ತದಾ?"

"ಇಲ್ಲ."

"ಮತ್ತೆ ಅಳುದ್ಯಾಕೆ?"

"ಸುಮ್ಮನೆ... ನಾಳೆಯೂ ನೀನೇ ಕಟ್ತೀಯಲ್ಲ?"

"ನಾಳೆಯೂ, ನಾಡಿದ್ದೂ," ಎಂದ ಹರ್ಷಿತ್. "ಈಗ ಸ್ವಲ್ಪ ಅಲುಗಾಡದೆ ಕೂತುಕೋ ಮಾರಾಯ್ತಿ!"