ಗಂಜಿ ಅಂಗಡಿಯಲ್ಲಿ ಸಿಕ್ಕ ಸತ್ತವನು

ಕರಗಿದ ಮೇಣ, ಹಾಲಿಲ್ಲದ ಕಾಫಿ, ಬಾಡುತ್ತಿರುವ ದುಂಡುಮಲ್ಲಿಗೆ.

ಅಪ್ಪ ಸತ್ತಾಗ ಆರು ದಿನ ನಮ್ಮ ಮನೆ ತುಂಬ ಇದೇ ವಾಸನೆ. ಆಗ ನನಗೆ ಏಳು ವರ್ಷ.

ಈಗ ನಲವತ್ತೊಂದು. ಅದೇ ವಾಸನೆ... ಜೊತೆಗೆ ಪಕ್ಕೆಗೆ ಒತ್ತಿ ಹಿಡಿದ ಒಂದು ಚಾಕು!

"ಇನ್ಶೂರೆನ್ಸ್‌ನವಳು ತಾನೇ ನೀನು?" ಡಾಡೋ ಕಿವಿಯಲ್ಲಿ ಪಿಸುಗುಟ್ಟಿದ. ಎದುರಿನ ಶವಪೆಟ್ಟಿಗೆಯಲ್ಲಿ ಮಲಗಿದ್ದ ಮುದುಕಿಯ ಹಿರಿಮಗ ಅವನು. "ಸುಮ್ನೆ ಹಿತ್ತಲಿಗೆ ನಡಿ."

"ಯಾರು ಹೇಳಿದ್ರು?"

"ಕೆಂಪು ಹೆಲ್ಮೆಟ್‌ನೋಳು ಒಬ್ಳು."

ಮರಿವಿಕ್!

ನೋವಾಗಬೇಕಿತ್ತು. ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗಿತ್ತು ಮನಸ್ಸು.

ಮರಿವಿಕ್ ನನ್ನ ಗೆಳತಿ. ನನ್ನ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳು. ಆಫೀಸಿನಲ್ಲಿ ಪಕ್ಕದ ಮೇಜು. ಒಂಬತ್ತು ವರ್ಷದಿಂದ ಎಲ್ಲದರಲ್ಲೂ ಪೈಪೋಟಿ. ಯಾರ ವರದಿ ಮೊದಲು, ಯಾರ ಸ್ಕೂಟರ್ ಜೋರು... ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನನ್ನ ಬಾಯಿಗೊಂದು ತುಂಡು ಅಡೋಬೋ ಮಾಂಸ ತುರುಕಿ ಕೇಳುತ್ತಾಳೆ: "ಹೇಳೇ, ಯಾರದ್ದು ರುಚಿ?"

ಇಬ್ಬರೂ ಆರಾರು ತಿಂಗಳ ಕಾಂಟ್ರಾಕ್ಟಿನವರು. ಕಾಯಂ ಹುದ್ದೆ ಒಂದೇ. ಬಾಸ್ ನೇರವಾಗಿ ಹೇಳಿದ್ದ: "ಅರ್ಸೆನಿಯೊ ಬದುಕಿದ್ದಾನೆ ಅಂತ ಯಾರು ಫೋಟೋ ತರ್ತೀರೋ ಅವರಿಗೆ ಕೆಲಸ. ಇನ್ನೊಬ್ರು ಶುಕ್ರವಾರ ಮನೆಗೆ."

ಅರ್ಸೆನಿಯೊ ಡಾಡೋನ ತಮ್ಮ. ಈ ನವೋತಾಸ್ ಬಂದರಿನ ಮೀನುಗಾರ. ವಿಮೆ ಹಣಕ್ಕಾಗಿ, ಕಾಗದದ ಮೇಲೆ ಎಂಟು ತಿಂಗಳ ಹಿಂದೆಯೇ ಕಡಲಲ್ಲಿ ಮುಳುಗಿ ಸತ್ತವನು.

ಐದು ನಿಮಿಷದ ಹಿಂದೆ ಅವನನ್ನು ಕಂಡಿದ್ದೆ!

ಟೋಪಿ, ಮಾಸ್ಕ್. ಪೆಟ್ಟಿಗೆಯ ಗಾಜಿನ ಮೇಲಿಂದ ತಾಯಿಗೆ ಮುತ್ತಿಡಲು ಮಾಸ್ಕ್ ಇಳಿಸಿದ್ದ. ಎಡಗಿವಿಯ ತುದಿ ಇರಲಿಲ್ಲ, ಫೈಲಿನ ಫೋಟೋದಲ್ಲಿದ್ದ ಹಾಗೇ. ಫೋನ್ ತೆಗೆಯುವಷ್ಟರಲ್ಲಿ ಅವನು ಮಾಯ. ಬೆನ್ನ ಹಿಂದೆ ಅಣ್ಣ ಹಾಜರು.

"ಡಾಡೋ, ಕಾಫಿ ಹಿಡ್ಕೋ."

ತೀರಿಕೊಂಡ ಮುದುಕಿಯ ತಂಗಿ. ಹಬೆಯಾಡುವ ಲೋಟವನ್ನು ಅವನ ಚಾಕುವಿನ ಕೈಗೇ ಚಾಚಿದ್ದಳು.

"ಆಮೇಲೆ, ಚಿಕ್ಕಮ್ಮ."

"ನನ್ನಕ್ಕನ ಎದುರಿಗೆ ಇದೇನೋ ನಿಂದು? ಹಿಡ್ಕೋ ಅಂದ್ನಲ್ಲ!"

ಚಾಕು ಜೇಬಿಗಿಳಿಯಿತು. ನಾನು ಬಾಗಿಲಿಗೆ ಹಾರಿದೆ. ಲೋಟ ಉರುಳಿತು... ಅವನೂ ಹಿಂದೆಯೇ!

"ನಿಲ್ಲೋ! ಸಾವಿನ ಮನೆಯೋರು ಬಂದೋರ ಹಿಂದೆ ಹೊಸ್ತಿಲು ದಾಟ್ತಾರೇನೋ? ಇನ್ನೊಂದು ಹೆಣ ಬೀಳ್ಬೇಕಾ?" ಮುದುಕಿಯ ತಂಗಿ ಚೀರಿದಳು.

ಡಾಡೋನ ಕಾಲು ಹೊಸ್ತಿಲ ಮೇಲೆ ತಡೆಯಿತು.

"ಹಿಡೀರೋ ಅವಳನ್ನ!" ಅಂಗಳದಲ್ಲಿ ಇಸ್ಪೀಟಾಡುತ್ತಿದ್ದವರಿಗೆ ಕೂಗಿದ. ಇಬ್ಬರು ಎದ್ದರು. ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ಅವರ ಮೇಲೆ ಕೆಡವಿ ಓಡಿದೆ.

ನನ್ನ ಸ್ಕೂಟರ್... ಎರಡೂ ಟೈರಿನಲ್ಲಿ ಗಾಳಿ ಇಲ್ಲ! ಯಾರ ಕೈವಾಡ ಅಂತ ಕೇಳಬೇಡಿ.

ಓಣಿಯ ತುದಿಯಲ್ಲಿ ಅರ್ಸೆನಿಯೊ ಹತ್ತಿದ ಬಾಡಿಗೆ ಟ್ರೈಸಿಕಲ್ ತಿರುಗಿತು. ಅದರ ಬಾಲ ಹಿಡಿದು ಕೆಂಪು ಹೆಲ್ಮೆಟ್.

ನಾನು ಹಿಂಬಾಲಿಸಲಿಲ್ಲ. ಸಾವಿನ ಮನೆಯಿಂದ ಯಾರೂ ನೇರವಾಗಿ ತಮ್ಮ ಮನೆಗೆ ಹೋಗುವುದಿಲ್ಲ. ದಾರಿಯಲ್ಲಿ ಎಲ್ಲಾದರೂ ಕೂತು, ಬೆನ್ನಿಗೆ ಹತ್ತಿದ ಸಾವನ್ನು ಕೊಡವಿಕೊಳ್ಳಬೇಕು. ಹೊಸ ಚರ್ಚ್ ಸೇರಿದ ಮೇಲೆ ಮರಿವಿಕ್‌ಗೆ ಇದೆಲ್ಲ ಮೂಢನಂಬಿಕೆ. ಆದರೆ ಆ ಓಣಿಯವರು ಈಗಲೂ ಕೊಡವಿಕೊಳ್ಳುತ್ತಾರೆ, ಸೇತುವೆ ತಿರುವಿನ ಗಂಜಿ ಅಂಗಡಿಯಲ್ಲಿ.

ಐಸ್ ಕಾರ್ಖಾನೆಯ ಸಂದಿಯಲ್ಲಿ ನುಗ್ಗಿದೆ. ಹಿಂದಿನ ಹೆಜ್ಜೆಗಳು ದೂರವಾದವು.

ಅವನು ಮೂಲೆಯಲ್ಲಿ ಕೂತಿದ್ದ. ಟೋಪಿ ಮೇಜಿನ ಮೇಲೆ. ಮುಂದೆ ಶುಂಠಿ ಹಾಕಿದ ಗಂಜಿ.

ಎದುರಿಗೆ ಕೂತೆ. ಫೋನ್ ಎತ್ತಿದೆ.

"ಎಂಟು ತಿಂಗಳು ಯಾರ ಕೈಗೂ ಸಿಗಲಿಲ್ಲ ನೀನು. ಇಲ್ಲಿ ಯಾಕೆ ಇಳಿದೆ?"

"ಮನೇಲಿ ಕೂಸಿದೆ ಅಕ್ಕ. ಹದಿನೆಂಟು ದಿನದ್ದು. ಹಂಗೇ ಹೋಗಕ್ಕಾಗುತ್ತಾ?"

ಕ್ಲಿಕ್. ಬಾಸ್‌ಗೂ ಪೊಲೀಸರಿಗೂ ಕಳಿಸಿದೆ.

ಅವನು ಓಡಲಿಲ್ಲ. "ಇನ್ನೆರಡು ಚಮಚ ಇದೆ," ಅಂದ. ಕಾದೆ. ಪೊಲೀಸರು ಬಂದಾಗ ಬಟ್ಟಲು ಖಾಲಿಯಾಗಿತ್ತು.

ಬಾಸ್‌ನ ಉತ್ತರ ಬಂತು: ಸೋಮವಾರದಿಂದ ನೀನು ಕಾಯಂ.

ಎರಡು ಸಲ ಓದಿದೆ. ಒಳಗೆ ಏನೂ ಕದಲಲಿಲ್ಲ.

ಆಮೇಲೆ ಮರಿವಿಕ್ ಬಂದಳು. ಮುಖವೆಲ್ಲ ಧೂಳು. ಅರ್ಸೆನಿಯೊ ಕೂತಿದ್ದ ಕುರ್ಚಿಯಲ್ಲೇ ಕೂತಳು.

"ಅವನು ಇಲ್ಲಿ ಇಳಿದದ್ದು ಕಾಣ್ಲೇ ಇಲ್ಲ. ಖಾಲಿ ಗಾಡಿ ಹಿಂದೆ ಅಷ್ಟು ದೂರ ಓಡಿಸಿದೆ ಕಣೇ."

"ಗೊತ್ತು."

"ಚಾಕು ತೆಗೀತಾನೆ ಅಂತ ಗೊತ್ತಿರ್ಲಿಲ್ಲ, ರೆಮಿ. ಬೈದು ಆಚೆ ಕಳಿಸ್ತಾನೆ ಅಂದ್ಕೊಂಡಿದ್ದೆ."

"ಟೈರು?"

"...ಅದು ನಾನೇ."

"ಎರಡೂ ಯಾಕೆ?"

"ಒಂದೇ ಮಾಡಿದ್ರೆ ನೀನು ಹಂಗೇ ಓಡಿಸ್ಕೊಂಡು ಬರ್ತಿದ್ದೆ!"

ನಿಜ. ಬರುತ್ತಿದ್ದೆ.

"ಸುಮ್ನೆ ಕೂರ್ಬೇಡ ಕಣೇ, ಬೈಯಿ!"

"ಬರ್ತಿಲ್ಲ ಮಾರಾಯ್ತಿ."

ಫೋನನ್ನು ಅವಳ ಕಡೆ ತಿರುಗಿಸಿದೆ. ಬಾಸ್‌ನ ಸಾಲು ಓದಿದಳು. ಶುಕ್ರವಾರಕ್ಕೆ ಎರಡು ದಿನ. ಲೆಕ್ಕ ಅವಳಿಗೂ ಗೊತ್ತಿತ್ತು.

ಹೆಲ್ಮೆಟ್ ಕೆಳಗಿಟ್ಟಳು. ಚೀಲದಿಂದ ತನ್ನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ತಳ್ಳಿದಳು.

ತಣ್ಣಗಿನ ಅನ್ನ, ಅಡೋಬೋ. ನನಗಾಗದ ಪಲಾವ್ ಎಲೆಯನ್ನು ಎಂದಿನಂತೆ ಮೊದಲೇ ತೆಗೆದಿದ್ದಳು.

ಯಾರದ್ದು ರುಚಿ ಅಂತ ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಲಿಲ್ಲ.

ಕೇಳಿದ್ದರೂ ನಿಜ ಹೇಳುತ್ತಿರಲಿಲ್ಲ, ಬಿಡಿ... ಅವಳದ್ದೇ!