ಏಳನೇ ಸಾಲಿನ ಮೂರ್ಛೆ

“ಬೇರೆ ಏನಾದ್ರೂ ಮಾಡ್ಕೋ. ಈ ಟಾಕೀಸಲ್ಲಿ ಮೂರ್ಛೆ ನಾಟಕ ಮಾತ್ರ ಬೇಡಪ್ಪಾ. ಇಲ್ಲಿ ಸುಳ್ಳಿಗೆ ಬಿದ್ದೋರು ನಿಜಕ್ಕೂ ಬೀಳ್ತಾರೆ.”

ಪ್ರೊಜೆಕ್ಟರ್ ಕೋಣೆಯ ಸೆಖೆಯಲ್ಲಿ ಆಪರೇಟರ್ ತಾತ ಇಷ್ಟು ಹೇಳಿದ್ದೇ ತಡ, ಹೊಸದಾಗಿ ಸೇರಿದ ಪ್ರಚಾರದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲಸಕ್ಕೆ ಬಂದು ಹನ್ನೆರಡು ದಿನವಾಗಿತ್ತಷ್ಟೆ. ಇದಕ್ಕೂ ಮುಂಚೆ ಎರಡು ಕಡೆ ಕೆಲಸ ಕಳೆದುಕೊಂಡವನು. ಈ ವಿದೇಶಿ ರಕ್ತಪಿಶಾಚಿಯ ಚಿತ್ರ ಮೊದಲ ದಿನವೇ ತುಂಬದಿದ್ದರೆ ಮೂರನೆಯದೂ ಹೋಗುತ್ತದೆ ಎಂದು ಮಾಲೀಕರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

“ಯಾಕೆ ತಾತಾ, ಪರದೆಯಿಂದ ಇಳಿದು ಬಂದು ಕಚ್ಚುತ್ತಾ?”

ತಾತ ನಗಲಿಲ್ಲ. ಮೂವತ್ತು ವರ್ಷದ ಹಿಂದೆ ಇಲ್ಲಿ ಇಂಥದ್ದೇ ಚಿತ್ರ ಬಂದಿತ್ತಂತೆ. ಹೆದರಿದಂತೆ ಬೀಳಲೆಂದೇ ಆಗಿನವರೂ ಜನರನ್ನು ಗೊತ್ತುಮಾಡಿದ್ದರು. ಏಳನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಗಾರೆ ಕೆಲಸದವನೊಬ್ಬ ಎದೆ ಹಿಡಿದುಕೊಂಡು ಒರಗಿದ. ಇವನೂ ನಾಟಕದವನೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆಟ ಮುಗಿದು ಕಸ ಗುಡಿಸುವವಳು ಮುಟ್ಟಿದಾಗ ಮೈ ತಣ್ಣಗಾಗಿತ್ತು. ಮೂರನೇ ದಿನ ಅವನ ಹೆಂಡತಿ ಬಂದಳು. ಗಂಡನ ಕೂದಲನ್ನು ತನ್ನ ಬೆರಳಿನ ರಕ್ತದಲ್ಲಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಕುರ್ಚಿಯಡಿಗೆ ತುರುಕಿ ಬಹಳ ಹೊತ್ತು ಏನೇನೋ ಗೊಣಗಿದಳು. ಕೊನೆಯದನ್ನು ಮಾತ್ರ ಎಲ್ಲರಿಗೂ ಕೇಳಿಸುವಂತೆ ಕೂಗಿದಳು: ಇಲ್ಲಿ ಸುಳ್ಳಾಗಿ ಬಿದ್ದವರು ನಿಜವಾಗಿ ಬೀಳಲಿ, ಬೀಳಿಸಿದವರು ನಿಂತು ನೋಡಲಿ!

“ಗಂಟು ಕಿತ್ತು ಸುಟ್ಟುಹಾಕಿದ್ವಿ. ಅವಳ ಮಾತನ್ನ ಏನ್ ಮಾಡೋದು?”

“ಆಮೇಲೆ ಯಾರಿಗಾದ್ರೂ ಏನಾದ್ರೂ ಆಯ್ತಾ?”

“ಆಮೇಲೆ ಯಾರೂ ನಾಟಕ ಆಡ್ಲಿಲ್ಲ.” ತಾತ ತಲೆ ತಗ್ಗಿಸಿದ. “ಅವತ್ತು ಚಪ್ಪಾಳೆ ತಟ್ಟಿದೋರಲ್ಲಿ ನಾನೂ ಇದ್ದೆ ಕಣಪ್ಪಾ.”

ಪ್ರಚಾರದವನು ಕೆಳಗಿಳಿದವನೇ ಬೇಕೆಂದೇ ಅದೇ ಕುರ್ಚಿಯ ಟಿಕೆಟನ್ನು ಪುಸ್ತಕದಿಂದ ಹರಿದು ಜೇಬಿಗಿಟ್ಟುಕೊಂಡ. ಮುದುಕನನ್ನು ಕೆಣಕುವ ಹುರುಪು, ಅಷ್ಟೆ.

ಬೀಳುವುದಕ್ಕೆ ಒಪ್ಪಿದ್ದ ನಟಿ ಬಿಡುಗಡೆಯ ಹಿಂದಿನ ದಿನ ಕೈಕೊಟ್ಟಳು. ಉಳಿದವಳು ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಅವನನ್ನು ಓದಿಸಿದವಳು. ತಮ್ಮ ಕೇಳಿದ್ದಕ್ಕೆ ಇಲ್ಲ ಎಂದವಳೇ ಅಲ್ಲ. ಸಂಜೆಯೆಲ್ಲ ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದು ಬಿದ್ದು ಅಭ್ಯಾಸ ಮಾಡಿದಳು.

“ಹಿಂದಕ್ಕೆ ಬೀಳ್ಲೇನೋ, ಪಕ್ಕಕ್ಕೆ ಬೀಳ್ಲೇನೋ?”

“ಹೆಂಗಾದ್ರೂ ಬೀಳು. ಬಿದ್ದೋರು ಹಿಂಗೆ ಕಿಸಕ್ಕಂತ ನಗಲ್ಲ ಕಣಕ್ಕಾ.”

ತಾತನ ಮಾತನ್ನು ಅವಳಿಗೆ ಹೇಳಬಹುದಿತ್ತು. ಹೇಳಿದರೆ ಎಲ್ಲಿ ಹಿಂಜರಿಯುತ್ತಾಳೋ ಎಂದು ಬಾಯಿ ಮುಚ್ಚಿಕೊಂಡ. ನಂಬದ ಮಾತನ್ನು ಮುಚ್ಚಿಡುವುದೇಕೆ ಎಂದು ತನ್ನನ್ನೇ ಕೇಳಿಕೊಳ್ಳಲೂ ಇಲ್ಲ.

ಮಧ್ಯಾಹ್ನದ ಆಟಕ್ಕೆ ಬೆಳಗ್ಗೆ ಎಂಟಕ್ಕೇ ಸಾಲು ನಿಂತಿತು. ಹೊರದೇಶದಲ್ಲಿ ಈ ಚಿತ್ರ ನೋಡಿ ಹನ್ನೊಂದು ಜನ ಪ್ರಜ್ಞೆ ತಪ್ಪಿದರೆಂಬ ಸುದ್ದಿ ಹುಟ್ಟಿಸಿದವನು ಇವನೇ. ಅದು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಆ ಹನ್ನೊಂದು ಜನ ನಲವತ್ತು ಜನರಾಗಿದ್ದರು. ಕಾಲೇಜಿನವರು ಪ್ಲಾಸ್ಟಿಕ್ ಕೋರೆಹಲ್ಲು ಸಿಕ್ಕಿಸಿಕೊಂಡು ಒಬ್ಬರ ಕುತ್ತಿಗೆಗೊಬ್ಬರು ಬೀಳುತ್ತಿದ್ದರು. “ಭಯ ಆದ್ರೆ ನನ್ನ ಕೈ ಹಿಡ್ಕೋ” ಎಂದು ಹೆಂಡತಿಗೆ ಹೇಳುತ್ತಿದ್ದವನೇ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಗೇಟಿನಲ್ಲಿ ಆಂಬುಲೆನ್ಸ್. ಗುಜರಿಯಿಂದ ಎಳೆತಂದು ಬಿಳಿ ಬಣ್ಣ ಬಳಿದ ವ್ಯಾನು, ಎಂಜಿನ್ನೇ ಇಲ್ಲ. ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಟಿಕೆಟ್ ಕೌಂಟರಿನವಳು, ನರ್ಸಮ್ಮನಾಗಿ. ದೀಪ ಆರುವ ಮುನ್ನ ಪರದೆಯ ಮೇಲೆ ಅವನೇ ಬರೆದ ಸಾಲು ಮೂಡಿತು: ಯಾರಾದರೂ ಬಿದ್ದರೆ ಮುಟ್ಟಬೇಡಿ, ನಮ್ಮ ವೈದ್ಯರು ನೋಡಿಕೊಳ್ಳುತ್ತಾರೆ. ಸಭಾಂಗಣ ಹೋ ಎಂದಿತು.

ಅಕ್ಕನನ್ನು ಏಳನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂರಿಸಿ, ಅವನು ಅಲ್ಲೇ ಬಳಿ ಗೋಡೆಗೊರಗಿ ಮೊಬೈಲ್ ಹಿಡಿದು ನಿಂತ. ಪಿಶಾಚಿ ಮೊದಲ ಸಲ ಕಣ್ಣು ಬಿಟ್ಟಾಗ ಜನ ಶಿಳ್ಳೆ ಹೊಡೆದರು. ಗೋಡೆ ಹತ್ತಿದಾಗ ಶಿಳ್ಳೆ ನಿಂತಿತು. ಅದು ಮಲಗಿದ್ದ ಹೆಂಗಸಿನ ಮೇಲೆ ಬಾಗಿದಾಗ ಎಂಟುನೂರು ಜನರ ಉಸಿರು ಒಟ್ಟಿಗೇ ಕಟ್ಟಿತು. ಅಕ್ಕನಿಗೆ ಹೇಳಿಕೊಟ್ಟಿದ್ದ ಗುರುತು ಇದೇ. ಅಕ್ಕ ಕಿರುಚಿದಳು. ಬಿದ್ದಳು.

ಎಷ್ಟು ಚೆನ್ನಾಗಿ ಬಿದ್ದಳು! ಕುರ್ಚಿಯಿಂದ ಜಾರಿ, ತಲೆ ಹಿಂದಕ್ಕೆ ವಾಲಿ, ಕೊರಳ ನರ ಪಟಪಟ ಬಡಿಯುವಂತೆ. ಜನ ಎದ್ದು ನಿಂತರು. ಅವನು ಹತ್ತಿರ ಹೋಗಿ ಮುಖಕ್ಕೇ ಮೊಬೈಲ್ ಹಿಡಿದ. ತುಕ್ಕಿನ ವಾಸನೆ ಬಂತು. ಹಳೇ ಕುರ್ಚಿಯದಿರಬೇಕು. ಅವಳ ತುಟಿ ಬೆಳ್ಳಗಾಗುತ್ತಿತ್ತು. “ಪುಟ್ಟಾ...” ಎಂದಳು. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು. “ಪುಟ್ಟಾ, ಎತ್ತೋ...”

“ಸೂಪರ್ ಅಕ್ಕಾ. ಇನ್ನೊಂದ್ ಸ್ವಲ್ಪ ಹೊತ್ತು” ಎಂದು ಪಿಸುಗುಟ್ಟಿದ.

ಚಪ್ಪಾಳೆ ಬಿತ್ತು.

ಮೇಲೆ ತಾತನಿಗೆ ಏನೋ ಹೊಳೆದಿರಬೇಕು, ಪ್ರೊಜೆಕ್ಟರ್ ಆರಿತು. ಪರದೆ ಕಪ್ಪಾಯಿತು. ಸಂಗೀತ ನಿಂತಿತು. ಶಬ್ದ ನಿಲ್ಲಲಿಲ್ಲ. ಗುಟುಕು. ಇನ್ನೊಂದು ಗುಟುಕು. ಸ್ಪೀಕರಿನಿಂದಲ್ಲ, ಕುರ್ಚಿಯಡಿಯಿಂದ. ನಿಧಾನವಾಗಿ, ಹಸಿದು ಬಂದವರು ಕುಡಿಯುವಂತೆ. ಅವನು ಕತ್ತಲಲ್ಲಿ ತಡಕಾಡಿದ. ಅಕ್ಕನ ಕೈ ಸಿಕ್ಕಿತು. ತಣ್ಣಗಿತ್ತು. ಎಳೆದ. ಬರಲಿಲ್ಲ. ಆ ಕಡೆಯಿಂದಲೂ ಯಾರೋ ಹಿಡಿದಿದ್ದರು.

“ದೀಪ ಹಾಕಿ! ಇದು ನಾಟಕ ಅಲ್ಲ! ನನ್ನ ಅಕ್ಕ ಇವ್ಳು!”

ಜನ ಘೊಳ್ಳೆಂದು ನಕ್ಕರು. “ಇವನೂ ಅವರ ಕಡೆಯೋನೇ!” ಎಂದು ಯಾರೋ ಕೂಗಿದರು. ಮತ್ತೆ ಚಪ್ಪಾಳೆ. ಗುಟುಕು. ಚಪ್ಪಾಳೆ. ಕೈ ಮುಗಿದ. ಅತ್ತ. ಒಬ್ಬರೂ ಮುಟ್ಟಲಿಲ್ಲ. ಮುಟ್ಟಬೇಡಿ ಎಂದು ಬರೆದವನು ಅವನೇ ಅಲ್ಲವೇ! ಎರಡೂ ತೋಳು ಹಾಕಿ, ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಸೇರಿಸಿ ಎಳೆದ. ಕಿತ್ತುಕೊಂಡಂತೆ ಬಂದಳು. ಹೊತ್ತು ಓಡಿದ. ನರ್ಸಮ್ಮ ನಗುತ್ತಾ ಆಂಬುಲೆನ್ಸಿನ ಬಾಗಿಲು ತೆರೆದಳು. ಎಂಜಿನ್ನಿಲ್ಲದ ಆ ಬಿಳಿ ಡಬ್ಬಿಯ ಮುಂದೆ ಅಕ್ಕನನ್ನು ಹೊತ್ತು ನಿಂತಾಗ, ಮುಂದಿನ ಆಟದ ಸಾಲಿನವರೆಲ್ಲ ಫೋಟೋ ತೆಗೆಯುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದು ಬಿಡಲಿಲ್ಲ. ಬಿಸಿಲಲ್ಲಿ ಎರಡು ಬೀದಿ ಓಡಿ ಆಸ್ಪತ್ರೆ ಸೇರಿದ.

ಮೈಮೇಲೆ ಸೂಜಿ ಮೊನೆಯಷ್ಟೂ ಗಾಯವಿಲ್ಲ, ಅರ್ಧ ರಕ್ತ ಎಲ್ಲಿ ಹೋಯಿತು ಎಂದು ಡಾಕ್ಟರು ಎರಡೆರಡು ಸಲ ಕೇಳಿದರು. ಗೊತ್ತಿಲ್ಲ ಎಂದ. ಯಾರ ರಕ್ತ ಹಾಕಿದರೂ ಬೆಳಗಾಗುವಷ್ಟರಲ್ಲಿ ಇಂಗಿಹೋಗುತ್ತಿತ್ತು. ಅವನದು ಮಾತ್ರ ನಿಂತಿತು, ಅದೂ ಹದಿನೈದೇ ದಿನ ಎಂದು ಆಮೇಲೆ ತಿಳಿಯಿತು. ಇನ್ನು ಬದುಕಿರುವಷ್ಟು ಕಾಲವೂ ಹದಿನೈದು ದಿನಕ್ಕೊಮ್ಮೆ ಅವನು ಅಕ್ಕನ ಪಕ್ಕದ ಮಂಚದಲ್ಲಿ ಮಲಗಿ ತೋಳು ಚಾಚಬೇಕು. ಅದು ಅವನಿಗೆ ಕಷ್ಟವೆನ್ನಿಸಲಿಲ್ಲ. ಕಷ್ಟವಾದದ್ದು ಐದನೇ ದಿನ ಅಕ್ಕ ಕಣ್ಣು ಬಿಟ್ಟಾಗ. ‘ನೀನು ಎತ್ತೋ ಎಂದಾಗ ನಾನು ವಿಡಿಯೋ ತೆಗೆಯುತ್ತಿದ್ದೆ’ ಎಂದು ಹೇಳಲು ಐದು ದಿನದಿಂದ ಮಾತು ಕೂಡಿಸಿಟ್ಟುಕೊಂಡಿದ್ದ.

ಅವಳೇ ಮೊದಲು ಕೇಳಿದಳು. “ಸರಿಯಾಗಿ ಬಿದ್ನೇನೋ?”

“ಹೂಂ ಅಕ್ಕಾ” ಎಂದ.

“ಎಲ್ರೂ ನಂಬಿದ್ರಾ?”

ಅವನು ನೆಲ ನೋಡಿದ. ಹೌದೆಂದು ತಲೆಯಾಡಿಸಿದ.

“ಹಾಗಾದ್ರೆ ಕೆಲ್ಸ ಉಳೀತು ಬಿಡು” ಎಂದು ಅಕ್ಕ ಅವನ ತಲೆ ನೇವರಿಸಿದಳು.